ಕೆ.ಆರ್. ಪೇಟೆ ಯಾವ ಪಕ್ಷದ ಊರು?

ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ಕ್ಷೇತ್ರದಿಂದ 2008ರಲ್ಲಿ ಕಾಂಗ್ರೆಸ್‌ನ ಕೆ.ಬಿ. ಚಂದ್ರಶೇಖರ್ ವಿಧಾನಸಭೆಗೆ ಹೋದರು. 2013 ಮತ್ತು 2018ರಲ್ಲಿ ಜೆಡಿಎಸ್‌ನ ಕೆ.ಸಿ. ನಾರಾಯಣಗೌಡ ಗೆದ್ದರು. 2019ರ ಡಿಸೆಂಬರ್‌ನಲ್ಲಿ ಅದೇ ನಾರಾಯಣಗೌಡ ಬಿಜೆಪಿಯಿಂದ ನಿಂತು ಉಪಚುನಾವಣೆ ಗೆದ್ದರು. ಮಂಡ್ಯ ಜಿಲ್ಲೆಯಲ್ಲಿ ಬಿಜೆಪಿಗೆ ಸಿಕ್ಕ ಮೊದಲ ವಿಧಾನಸಭಾ ಸೀಟು ಅದು. 2023ರಲ್ಲಿ ಜಿಲ್ಲೆಯ ಏಳು ಕ್ಷೇತ್ರಗಳ ಪೈಕಿ ಐದು ಕಾಂಗ್ರೆಸ್ ಪಾಲಾದಾಗ ಪೇಟೆಯವರು ಮಾತ್ರ ಜೆಡಿಎಸ್‌ನ ಎಚ್.ಟಿ. ಮಂಜು ಅವರನ್ನು ಗೆಲ್ಲಿಸಿದರು. ಹದಿನೈದು ವರ್ಷದಲ್ಲಿ ರಾಜ್ಯದ ಮೂರೂ ದೊಡ್ಡ ಪಕ್ಷಗಳು ಈ ಊರಲ್ಲಿ ಗೆದ್ದಿವೆ.

ಪ್ರತಿ ಸಲವೂ ಟಿ.ವಿ. ಚಾನೆಲ್‌ಗಳ ಹತ್ತಿರ ಒಂದು ವಿವರಣೆ ತಯಾರಿರುತ್ತದೆ. 2019ರಲ್ಲಿ ‘ಹಳೇ ಮೈಸೂರಲ್ಲೂ ಕಮಲ ಅರಳಿತು’ ಅಂದರು. 2023ರಲ್ಲಿ ಅದೇ ಊರು ‘ದಳದ ಭದ್ರಕೋಟೆ’ ಆಯಿತು. ಬೆಂಗಳೂರಿನಿಂದ ಬಂದ ವರದಿಗಾರರು ಬಸ್‌ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಮೂವರನ್ನು ಮಾತಾಡಿಸಿ, ‘ಇಲ್ಲಿನ ಜನರ ಒಲವು’ ಎಂದು ತೀರ್ಪು ಕೊಟ್ಟು ಹೋಗುತ್ತಾರೆ. ಊರಿಗೆ ಹಾಗೊಂದು ಒಲವು ಇದೆ ಅನ್ನುವುದೇ ತಪ್ಪು ಲೆಕ್ಕ ಎನ್ನುವುದು ನನ್ನ ಅಭಿಪ್ರಾಯ. ಇಂಥ ಪುಟ್ಟ ತಾಲ್ಲೂಕು ಕೇಂದ್ರಗಳಲ್ಲಿ ಇರುವುದು ತಲೆಮಾರುಗಳಿಂದ ಬಂದ ಎದುರಾಳಿತನ. ಪಕ್ಷದ ಹೆಸರುಗಳು ಅದರ ಮೇಲೆ ಬಂದು ಕೂರುತ್ತವೆ, ಎದ್ದು ಹೋಗುತ್ತವೆ.

ಅಂಕಿಗಳನ್ನೇ ನೋಡೋಣ. 2018ರಲ್ಲಿ ನಾರಾಯಣಗೌಡರಿಗೆ ಸುಮಾರು 88 ಸಾವಿರ ಮತ, ಚಂದ್ರಶೇಖರ್‌ಗೆ 71 ಸಾವಿರದ ಹತ್ತಿರ, ಬಿಜೆಪಿ ಅಭ್ಯರ್ಥಿಗೆ ಹತ್ತು ಸಾವಿರದ ಆಸುಪಾಸು. ಒಂದೂವರೆ ವರ್ಷದ ನಂತರದ ಉಪಚುನಾವಣೆಯಲ್ಲಿ ಬಿಜೆಪಿಯ ನಾರಾಯಣಗೌಡರಿಗೆ 66 ಸಾವಿರ, ಜೆಡಿಎಸ್‌ನ ಬಿ.ಎಲ್. ದೇವರಾಜು ಅವರಿಗೆ 56 ಸಾವಿರ, ಕಾಂಗ್ರೆಸ್‌ನ ಚಂದ್ರಶೇಖರ್‌ಗೆ 41 ಸಾವಿರ. 2023ರಲ್ಲಿ ಜೆಡಿಎಸ್‌ಗೆ 80 ಸಾವಿರ, ಕಾಂಗ್ರೆಸ್‌ಗೆ 58 ಸಾವಿರ, ಬಿಜೆಪಿಯಲ್ಲೇ ಉಳಿದಿದ್ದ ನಾರಾಯಣಗೌಡರಿಗೆ 38 ಸಾವಿರ. 2023ರ ಕಾಂಗ್ರೆಸ್ ಅಭ್ಯರ್ಥಿ ಬೇರೆ ಯಾರೂ ಅಲ್ಲ, ಉಪಚುನಾವಣೆಯಲ್ಲಿ ಜೆಡಿಎಸ್‌ನಿಂದ ನಿಂತಿದ್ದ ಅದೇ ದೇವರಾಜು.

ಈ ಸಂಖ್ಯೆಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಬಿಜೆಪಿ ಹತ್ತರಿಂದ ಅರವತ್ತಾರಕ್ಕೆ ಹಾರಿದ್ದು. ಎಲ್ಲರೂ ಬರೆದದ್ದೂ ಅದನ್ನೇ. ಆದರೆ ಆ ಮತ ಎಲ್ಲಿಂದ ಬಂತು? ನಾರಾಯಣಗೌಡರು ತಮ್ಮ ಹಿಂದೆ ಜೆಡಿಎಸ್ ಮತವನ್ನೆಲ್ಲ ಕರೆದುಕೊಂಡು ಹೋದರು ಅನ್ನೋಣವೆಂದರೆ, ಶಾಸಕರೇ ಬಿಟ್ಟುಹೋದ ಮೇಲೂ ಜೆಡಿಎಸ್‌ಗೆ 56 ಸಾವಿರ ಉಳಿದಿದೆ. ಅಲ್ಲಿ ಕಡಿಮೆಯಾದದ್ದು 32 ಸಾವಿರ. ಕಾಂಗ್ರೆಸ್‌ಗೂ ಹೆಚ್ಚುಕಡಿಮೆ 30 ಸಾವಿರ ಖೋತಾ ಆಗಿದೆ. ಯಾವ ಮತದಾರ ಎಲ್ಲಿಂದ ಎಲ್ಲಿಗೆ ಹೋದ ಎಂಬುದನ್ನು ಅಂಕಿ ಹೇಳುವುದಿಲ್ಲ ನಿಜ. ಆದರೆ 2018ರಲ್ಲಿ ನಾರಾಯಣಗೌಡರ ವಿರುದ್ಧ ಓಟು ಹಾಕಿದವರಲ್ಲಿ ಒಂದಷ್ಟು ಮಂದಿ ಮರುವರ್ಷ ಅವರಿಗೇ ಹಾಕಿದ್ದಾರೆ ಅನ್ನದೆ ಈ ಲೆಕ್ಕ ಕೂಡುವುದಿಲ್ಲ. ವ್ಯಕ್ತಿಯನ್ನು ವಿರೋಧಿಸಿದ್ದವರು ಅದೇ ವ್ಯಕ್ತಿಗೆ ಯಾಕೆ ಹಾಕುತ್ತಾರೆ? ಅವರ ಜಗಳ ಇದ್ದದ್ದು ಆ ವ್ಯಕ್ತಿಯ ಜೊತೆಗಲ್ಲ, ದಳದ ಜೊತೆಗೆ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ತಮ್ಮೂರಲ್ಲಿ ದಳ ಅನ್ನಿಸಿಕೊಂಡವರ ಜೊತೆಗೆ.

ಹಳೇ ಮೈಸೂರಿನ ಯಾವ ಹಳ್ಳಿಗೆ ಹೋದರೂ ಎರಡು ಗುಂಪು ಸಿಗುತ್ತವೆ. ಡೈರಿ ಅಧ್ಯಕ್ಷರು ಒಂದು ಕಡೆಯವರಾದರೆ ಸೊಸೈಟಿ ಇನ್ನೊಂದು ಕಡೆಯವರದ್ದು. ಮಾರಿಹಬ್ಬದ ಲೆಕ್ಕ ಯಾರು ಒಪ್ಪಿಸಬೇಕು, ಕೆರೆ ಏರಿ ಮೇಲಿನ ದಾರಿ ಯಾರ ಜಮೀನಿಗೆ ಸೇರಿದ್ದು, ಮೂವತ್ತು ವರ್ಷದ ಹಿಂದೆ ಪಂಚಾಯ್ತಿಯಲ್ಲಿ ಯಾರು ಯಾರ ಮೇಲೆ ಕೈ ಮಾಡಿದ್ದರು, ಎಲ್ಲವೂ ಈ ಎರಡು ಗುಂಪಿನೊಳಗೆ ಜಮೆಯಾಗಿರುತ್ತದೆ. ಒಂದು ಗುಂಪು ಕಾಂಗ್ರೆಸ್‌ಗೆ ನಿಂತರೆ ಇನ್ನೊಂದು ಜನತಾ ಪರಿವಾರಕ್ಕೆ (ಮೊದಲು ಜನತಾ ಪಕ್ಷ, ಆಮೇಲೆ ಜನತಾ ದಳ, ಈಗ ಜೆಡಿಎಸ್) ನಿಲ್ಲುವುದು 1970ರ ದಶಕದ ಕೊನೆಯಿಂದ ನಡೆದುಬಂದ ವ್ಯವಸ್ಥೆ. ಗ್ರಾಮ ಪಂಚಾಯ್ತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಬಳಸುವಂತಿಲ್ಲ ಎಂದು ಕಾನೂನು ಹೇಳುತ್ತದೆ. ಬ್ಯಾಲೆಟ್ ಪೇಪರ್ ಮೇಲೆ ಆಟೊ, ಗ್ಯಾಸ್ ಸಿಲಿಂಡರ್, ಟಾರ್ಚ್ ಇರುತ್ತವೆ. ಯಾವ ಟಾರ್ಚ್ ಯಾರ ಕಡೆಯದ್ದು ಎಂಬುದು ಊರಿನ ಮಕ್ಕಳಿಗೂ ಗೊತ್ತು.

ಈ ವ್ಯವಸ್ಥೆಯಲ್ಲಿ ನಾಯಕರು ಪಕ್ಷ ಬದಲಿಸಿದರೆ ಗುಂಪೂ ಇಡಿಯಾಗಿ ಬದಲಾಗುತ್ತದೆ ಅಂದುಕೊಳ್ಳುವುದು ಸಲ್ಲ. ಒಂದಷ್ಟು ಜನ ನಾಯಕರ ಜೊತೆ ಹೋಗುತ್ತಾರೆ. ಉಳಿದವರು, ‘ನಾವು ಎದುರು ಬಣದವರ ಜೊತೆ ಒಂದೇ ಜೀಪಲ್ಲಿ ಕೂರೋದಾ?’ ಎಂದು ಅಲ್ಲೇ ನಿಲ್ಲುತ್ತಾರೆ. ಹೀಗಿದ್ದೂ ಮಂಡ್ಯದವರು ವ್ಯಕ್ತಿಗೆ ಕಟ್ಟುಬಿದ್ದ ಉದಾಹರಣೆ ಬೇಕಾದಷ್ಟಿವೆ. ಎಸ್.ಎಂ. ಕೃಷ್ಣ 1962ರಲ್ಲಿ ಮದ್ದೂರಿನಿಂದ ಪಕ್ಷೇತರರಾಗಿ ಗೆದ್ದು ರಾಜಕೀಯಕ್ಕೆ ಬಂದವರು. ಅಂಬರೀಷ್ 1998ರಲ್ಲಿ ಜನತಾ ದಳದಿಂದ ಮಂಡ್ಯದ ಸಂಸದರಾದರು, ಮರುವರ್ಷ ಕಾಂಗ್ರೆಸ್‌ನಿಂದಲೂ ಗೆದ್ದರು. ಅಂಬರೀಷ್ ವಿಷಯದಲ್ಲಿ ಪಕ್ಷ ಯಾವುದೆಂದು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಎಲ್ಲ ನಾಯಕರಿಗೂ ಆ ಭಾಗ್ಯ ಇಲ್ಲ.

ಜಾತಿಯ ಮಾತಿಗೆ ಬರೋಣ, ಅದಿಲ್ಲದೆ ಮಂಡ್ಯದ ರಾಜಕೀಯ ಮಾತಾಡಿದಂತಾಗುವುದಿಲ್ಲ. ‘ಒಕ್ಕಲಿಗರ ಜಿಲ್ಲೆ, ಆದ್ದರಿಂದ ದೇವೇಗೌಡರ ಪಕ್ಷ’ ಎಂಬ ಸಮೀಕರಣ ಹೊರಗಿನವರಿಗೆ ಸುಲಭ. ಒಳಗೆ ನಿಂತು ನೋಡಿದರೆ ಬೇರೆ ಚಿತ್ರ ಸಿಗುತ್ತದೆ. ಮೂರೂ ಪಕ್ಷದವರು ಒಕ್ಕಲಿಗರನ್ನೇ ನಿಲ್ಲಿಸಿದಾಗ ಒಕ್ಕಲಿಗ ಮತದಾರನಿಗೆ ಜಾತಿ ಆಯ್ಕೆಯ ಅಳತೆಯಾಗಿ ಉಳಿಯುವುದೇ ಇಲ್ಲ. ಅವನು ಹೋಬಳಿ ನೋಡುತ್ತಾನೆ, ನೆಂಟಸ್ತಿಕೆ ನೋಡುತ್ತಾನೆ, ತನ್ನ ಟಿ.ಸಿ. ಅರ್ಜಿಗೆ ಯಾರು ಫೋನ್ ಮಾಡಿದರು ಎಂದು ನೋಡುತ್ತಾನೆ. ಇಲ್ಲಿ ಟಿ.ಸಿ. ಅಂದರೆ ಹೊಲದ ಟ್ರಾನ್ಸ್‌ಫಾರ್ಮರ್. ಅದು ಸುಟ್ಟು ಹೋದಾಗ ಎರಡು ದಿನದಲ್ಲಿ ಹಾಕಿಸಿಕೊಟ್ಟವರಿಗೂ ಹದಿನೈದು ದಿನ ಅಲೆಸಿದವರಿಗೂ ಚುನಾವಣೆಯಲ್ಲಿ ಬೀಳುವ ಓಟಿನಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ. ಒಕ್ಕಲಿಗರ ಓಟು ಹೀಗೆ ಒಡೆದಾಗ ಫಲಿತಾಂಶ ನಿರ್ಧಾರವಾಗುವುದು ಕುರುಬರು, ದಲಿತರು, ಲಿಂಗಾಯತರು, ನಾಯಕ ಜನಾಂಗದವರು, ಪೇಟೆಯೊಳಗಿನ ಮುಸ್ಲಿಮರು ಯಾವ ಕಡೆ ಹೋದರು ಎಂಬುದರ ಮೇಲೆ. ಮೀಸಲು ಕ್ಷೇತ್ರವಾದ ಮಳವಳ್ಳಿಯಲ್ಲಿ ಇದೇ ಲೆಕ್ಕ ತಿರುಗುಮುರುಗು. ಅಲ್ಲಿ ಅಭ್ಯರ್ಥಿಗಳೆಲ್ಲ ಪರಿಶಿಷ್ಟರು, ಹಾಗಾಗಿ ಒಕ್ಕಲಿಗರ ಓಟು ಯಾರ ಕಡೆ ಎಂದು ಎಲ್ಲರೂ ಕಾಯುತ್ತಾರೆ.

ನಮ್ಮ ಸೀಮೆಗೂ ‘ವೋಟ್ ಬ್ಯಾಂಕ್’ ಎಂಬ ಪರಿಕಲ್ಪನೆಗೂ ಹಳೆಯ ನಂಟಿದೆ. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಜಿಲ್ಲೆಯ ಹಳ್ಳಿಯೊಂದರಲ್ಲಿ ಕ್ಷೇತ್ರಕಾರ್ಯ ಮಾಡಿದರು. ತಮ್ಮ ಬರವಣಿಗೆಯಲ್ಲಿ ಆ ಹಳ್ಳಿಯನ್ನು ರಾಂಪುರ ಎಂದು ಕರೆದರು. ‘ಪ್ರಬಲ ಜಾತಿ’ ಎಂಬ ವಿಚಾರವೂ ವೋಟ್ ಬ್ಯಾಂಕ್ ಎಂಬ ಪ್ರಯೋಗವೂ ಅಲ್ಲಿನ ಅನುಭವದಿಂದ ಬಂದವು. ಅವರು ಹೇಳಿದ್ದು ಒಂದು ಕೋಮಿನವರೆಲ್ಲ ಒಂದೇ ಕಡೆ ಹಾಕುತ್ತಾರೆ ಎಂದಲ್ಲ. ಊರಿನ ದೊಡ್ಡ ಕುಳ, ಅವನ ಗೇಣಿದಾರರು, ಅವನಿಂದ ಸಾಲ ಪಡೆದವರು, ಅವನ ಆಳುಗಳು, ಹೀಗೆ ಜಾತಿ ಮೀರಿ ಒಬ್ಬ ಯಜಮಾನನ ಕೈಕೆಳಗೆ ಇದ್ದ ಓಟುಗಳ ಬಗ್ಗೆ. ಭೂಸುಧಾರಣೆ ಬಂದು ಗೇಣಿ ಹೋಯಿತು, ಸಾಲ ಕೊಡಲು ಸೊಸೈಟಿ ಬಂತು, ದುಡಿಯಲು ಬೆಂಗಳೂರಿದೆ. ಯಜಮಾನನ ಮಾತು ಕೇಳಲೇಬೇಕಾದ ಅನಿವಾರ್ಯ ಈಗ ಇಲ್ಲ. ಆದರೆ ಊರಿನ ಲೆಕ್ಕ ಇಡುವವರು ಹೋಗಿಲ್ಲ.

ಆ ಲೆಕ್ಕದ ಹೆಸರು ಲೀಡ್, ಅಂದರೆ ಒಂದು ಊರಿನಲ್ಲಿ ಒಂದು ಪಕ್ಷಕ್ಕೆ ಸಿಕ್ಕ ಮತಗಳ ಮುನ್ನಡೆ. ಚುನಾವಣೆ ಫಲಿತಾಂಶ ಬಂದ ಸಂಜೆ ಮಂಡ್ಯದ ಕಡೆ ಕೇಳಿಬರುವ ಮೊದಲ ಪ್ರಶ್ನೆ ಯಾರು ಗೆದ್ದರು ಅಂತಲ್ಲ, ‘ನಿಮ್ಮೂರಲ್ಲಿ ಎಷ್ಟ್ ಲೀಡ್ ಬಂತಣ್ಣ?’ ಅಂತ. ಕ್ಷೇತ್ರದಲ್ಲಿ ಇನ್ನೂರಕ್ಕೂ ಹೆಚ್ಚು ಮತಗಟ್ಟೆಗಳಿರುತ್ತವೆ. ಒಂದು ಮತಗಟ್ಟೆಗೆ ಸಾವಿರ, ಸಾವಿರದಿನ್ನೂರು ಮತದಾರರು, ಅಂದರೆ ಹೆಚ್ಚುಕಡಿಮೆ ಒಂದು ಊರು ಅಥವಾ ಎರಡು ಚಿಕ್ಕ ಊರು. ಇವಿಎಂನಲ್ಲಿ ಪ್ರತಿ ಯಂತ್ರದ ಲೆಕ್ಕ ಬೇರೆಯಾಗಿಯೇ ಬರುತ್ತದೆ. ಎಣಿಕೆ ಟೇಬಲ್ಲಿನ ಎದುರು ತಂತಿ ಜಾಲರಿಯ ಆಚೆ ಕೂತ ಏಜೆಂಟರು ಅದನ್ನು ಹಾಳೆಯಲ್ಲಿ ಬರೆದುಕೊಳ್ಳುತ್ತಾರೆ. ಕೊನೆಗೆ ಚುನಾವಣಾಧಿಕಾರಿ ‘ನಮೂನೆ 20’ ಎಂಬ ಪಟ್ಟಿಯಲ್ಲಿ ಮತಗಟ್ಟೆವಾರು ಅಂಕಿಗಳನ್ನೆಲ್ಲ ಪ್ರಕಟಿಸುತ್ತಾರೆ.

ಪೇಟೆಯ ಪುರಸಭೆ ವಾರ್ಡುಗಳಲ್ಲಿ ಮತಗಟ್ಟೆ ಒಡೆದುಹೋಗಿರುವುದರಿಂದ, ಬಾಡಿಗೆ ಮನೆಗಳು ಹೆಚ್ಚಿರುವುದರಿಂದ, ಯಾರು ಯಾರಿಗೆ ಹಾಕಿದರು ಎಂದು ಊಹಿಸುವುದು ಕಷ್ಟ. ಹಳ್ಳಿಯಲ್ಲಿ ಹಾಗಲ್ಲ. 900 ಓಟು ಬಿದ್ದ ಊರಲ್ಲಿ ಒಂದು ಪಕ್ಷಕ್ಕೆ 610, ಇನ್ನೊಂದಕ್ಕೆ 240 ಎಂದಿಟ್ಟುಕೊಳ್ಳಿ. ಆ 240 ಯಾರ ಮನೆಗಳದ್ದು ಎಂದು ಊರಿನವರು ಅರ್ಧ ಗಂಟೆಯಲ್ಲಿ ಬೆರಳೆಣಿಸಿ ಹೇಳುತ್ತಾರೆ. ಹೋದ ಸಲ 280 ಇದ್ದದ್ದು ಈ ಸಲ 240 ಆಗಿದ್ದರೆ, ಆ ನಲವತ್ತು ಓಟು ಯಾವ ಬೀದಿಯಲ್ಲಿ ಸೋರಿತು ಎಂಬ ತನಿಖೆ ತಿಂಗಳುಗಟ್ಟಲೆ ನಡೆಯುತ್ತದೆ. ಲೀಡ್ ಕೊಟ್ಟ ಊರಿಗೆ ಕಾಂಕ್ರೀಟ್ ರಸ್ತೆ ಮೊದಲು ಬರುತ್ತದೆ. ಕೊಡದ ಊರಿನವರು ಶಾಸಕರ ಮನೆ ಮುಂದೆ ಕಾಯುವಾಗ ಹಿಂದಿನ ಸಾಲಿನಲ್ಲಿ ನಿಲ್ಲುತ್ತಾರೆ. ಬ್ಯಾಲೆಟ್ ಪೇಪರ್ ಕಾಲದಲ್ಲಿ ಹಲವು ಮತಗಟ್ಟೆಗಳ ಚೀಟಿಗಳನ್ನು ಬೆರೆಸಿ ಎಣಿಸಲು ನಿಯಮದಲ್ಲಿ ಅವಕಾಶವಿತ್ತು. ಇವಿಎಂ ಕಾಲಕ್ಕೂ ಹಾಗೆ ಕೂಡಿಸಿ ತೋರಿಸುವ ‘ಟೋಟಲೈಸರ್’ ಯಂತ್ರ ತರೋಣ ಎಂದು ಚುನಾವಣಾ ಆಯೋಗ 2008ರಲ್ಲೇ ಪ್ರಸ್ತಾಪಿಸಿತು. 2015ರ ವರದಿಯಲ್ಲಿ ಕಾನೂನು ಆಯೋಗವೂ ಹೌದೆಂದಿತು. ಕೇಂದ್ರ ಸರ್ಕಾರ ಒಪ್ಪಲಿಲ್ಲ. ಬೂತ್ ಏಜೆಂಟರನ್ನು ಕೇಳಿದರೆ ಅವರೂ ಒಪ್ಪಲಿಕ್ಕಿಲ್ಲ. ಲೀಡ್ ಇಲ್ಲದಿದ್ದರೆ ಅವರ ದುಡಿಮೆಗೆ ದಾಖಲೆಯೇ ಇರುವುದಿಲ್ಲವಲ್ಲ!

ಮತದಾನದ ಪ್ರಮಾಣಕ್ಕೂ ಇದಕ್ಕೂ ಸಂಬಂಧವಿದೆ. 2024ರ ಲೋಕಸಭಾ ಚುನಾವಣೆಯಲ್ಲಿ ಮಂಡ್ಯದಲ್ಲಿ ಶೇ 81ಕ್ಕೂ ಹೆಚ್ಚು ಮತದಾನವಾಯಿತು, ಬೆಂಗಳೂರು ಕೇಂದ್ರ, ದಕ್ಷಿಣ ಕ್ಷೇತ್ರಗಳಲ್ಲಿ ಶೇ 53–54. ಹಳ್ಳಿಯವರಿಗೆ ಪ್ರಜಾಪ್ರಭುತ್ವದ ಮೇಲೆ ನಗರದವರಿಗಿಂತ ಭಕ್ತಿ ಹೆಚ್ಚು ಎಂದು ಹೊಗಳುವುದು ರೂಢಿ. ಭಕ್ತಿ ಇರಬಹುದು. ಆದರೆ ಹಳ್ಳಿಯಲ್ಲಿ ಓಟು ಹಾಕದಿರುವುದೂ ಒಂದು ಹೇಳಿಕೆಯೇ. ಮತಗಟ್ಟೆಯಿಂದ ಇನ್ನೂರು ಮೀಟರ್ ಆಚೆ ಟೇಬಲ್ ಹಾಕಿಕೊಂಡು ಕೂತ ಎರಡೂ ಕಡೆಯ ಹುಡುಗರ ಕೈಯಲ್ಲಿ ಮತದಾರರ ಪಟ್ಟಿ ಇರುತ್ತದೆ. ಬಂದವರ ಹೆಸರಿಗೆ ಗುರುತು ಬೀಳುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಗುರುತು ಬೀಳದ ಹೆಸರುಗಳಿಗೆ ಫೋನ್ ಹೋಗುತ್ತದೆ. ‘ಎಲ್ಲಿದ್ದೀಯಾ ಮಗ? ಇನ್ನೂ ಬಂದಿಲ್ವಲ್ಲ, ಚಿಕ್ಕಪ್ಪ ಕೇಳ್ತಾವ್ರೆ.’ ಬೆಂಗಳೂರಲ್ಲಿ ಕ್ಯಾಬ್ ಓಡಿಸುವ ಹುಡುಗ ಹಿಂದಿನ ರಾತ್ರಿಯೇ ಬಸ್ಸು ಹತ್ತುವುದು ಇದಕ್ಕೇ.

ಇನ್ನು ಮಂಡ್ಯ ಲೋಕಸಭಾ ಕ್ಷೇತ್ರದ ಆರು ವರ್ಷದ ಕಥೆ. ಎದುರಾಳಿತನ ಪಕ್ಷಕ್ಕಿಂತ ಗಟ್ಟಿ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 2018ರ ಮೇನಲ್ಲಿ ಜಿಲ್ಲೆಯ ಏಳಕ್ಕೆ ಏಳೂ ವಿಧಾನಸಭಾ ಕ್ಷೇತ್ರಗಳು ಜೆಡಿಎಸ್‌ಗೆ ಹೋದವು. ಲೋಕಸಭೆಯ ಲೆಕ್ಕದಲ್ಲಿ ಮಂಡ್ಯಕ್ಕೆ ಸೇರುವ ಕೆ.ಆರ್. ನಗರವೂ ಅದರದ್ದೇ. ಬೆಂಗಳೂರಿನಲ್ಲಿ ಜೆಡಿಎಸ್–ಕಾಂಗ್ರೆಸ್ ಮೈತ್ರಿ ಸರ್ಕಾರ ಬಂತು. ಅದೇ ನವೆಂಬರ್‌ನಲ್ಲಿ ಲೋಕಸಭಾ ಉಪಚುನಾವಣೆ, ಮೈತ್ರಿ ಅಭ್ಯರ್ಥಿ ಎಲ್.ಆರ್. ಶಿವರಾಮೇಗೌಡರಿಗೆ ಮೂರು ಲಕ್ಷಕ್ಕೂ ಮೀರಿದ ಅಂತರದ ಗೆಲುವು. ಎರಡು ಪಕ್ಷದ ಮತ ಕೂಡಿದರೆ ಹೀಗೇ ಆಗುತ್ತದೆ ಎಂದು ಎಲ್ಲರೂ ಬೆನ್ನು ತಟ್ಟಿಕೊಂಡರು. ಸೋತ ಬಿಜೆಪಿಗೆ ಎಷ್ಟು ಬಿತ್ತು ಎಂದು ನೋಡಿದವರು ಕಡಿಮೆ. 2014ರಲ್ಲಿ ಈ ಕ್ಷೇತ್ರದಲ್ಲಿ ಒಂದು ಲಕ್ಷವನ್ನೂ ಮುಟ್ಟದಿದ್ದ ಬಿಜೆಪಿಗೆ ಈಗ ಎರಡೂವರೆ ಲಕ್ಷದ ಹತ್ತಿರ ಬಿದ್ದಿತ್ತು. ಕಾಂಗ್ರೆಸ್ ಕಣದಲ್ಲಿ ಇಲ್ಲದಿದ್ದಾಗ, ದಳಕ್ಕೆ ಹಾಕಲಾರದ ಕಾಂಗ್ರೆಸ್‌ ಮನೆಗಳವರು ಯಾವುದಾದರೂ ಬಾಗಿಲು ಹುಡುಕುತ್ತಿದ್ದರು.

ಆ ಬಾಗಿಲು ಐದೇ ತಿಂಗಳಲ್ಲಿ ಪೂರ್ತಿ ತೆರೆಯಿತು. 2018ರ ನವೆಂಬರ್ 24ರಂದು ಅಂಬರೀಷ್ ತೀರಿಕೊಂಡರು. 2019ರ ಏಪ್ರಿಲ್‌ನಲ್ಲಿ ಅವರ ಪತ್ನಿ ಸುಮಲತಾ ಪಕ್ಷೇತರರಾಗಿ ನಿಂತರು, ಬಿಜೆಪಿ ಬೆಂಬಲ ಕೊಟ್ಟಿತು. ಎದುರಿಗೆ ಮುಖ್ಯಮಂತ್ರಿಯ ಮಗ ನಿಖಿಲ್ ಕುಮಾರಸ್ವಾಮಿ. ಎಂಟೂ ಕ್ಷೇತ್ರದಲ್ಲಿ ಜೆಡಿಎಸ್ ಶಾಸಕರು, ಜೊತೆಗೆ ಕಾಂಗ್ರೆಸ್ ಮೈತ್ರಿ. ಸುಮಲತಾ ಎಂಬ ಹೆಸರಿನವರೇ ಇನ್ನೂ ಮೂವರು ಕಣದಲ್ಲಿದ್ದರು, ಮತಯಂತ್ರದಲ್ಲಿ ಜನ ಗಲಿಬಿಲಿಯಾಗಲಿ ಅಂತ. ಆಕೆ ಗೌಡ್ತಿ ಅಲ್ಲ ಎಂಬ ಪ್ರಚಾರವೂ ನಡೆಯಿತು. ಜನ ಕಹಳೆ ಊದುವ ರೈತನ ಗುರುತನ್ನು ಹುಡುಕಿ ಒತ್ತಿದರು. ಅಂತರ 1.25 ಲಕ್ಷ ದಾಟಿತು. ಸಿನಿಮಾ ಮೋಹ, ಅನುಕಂಪ, ಯಶ್–ದರ್ಶನ್ ಜೋಡೆತ್ತು ಪ್ರಚಾರ, ಎಲ್ಲವೂ ಕೆಲಸ ಮಾಡಿವೆ. ಆದರೆ ತೆಂಗಿನಕಾಯಿ ಒಡೆದು ಬಾವುಟ ಹಿಡಿದು ಮನೆಮನೆ ಸುತ್ತಿದವರಲ್ಲಿ ಹೆಚ್ಚಿನವರು ಊರೂರಿನ ಕಾಂಗ್ರೆಸ್ ಬಣದವರು. ಅವರ ನಾಯಕರು ಬೆಂಗಳೂರಿನಲ್ಲಿ ಕೈ ಕೈ ಹಿಡಿದು ಫೋಟೊ ತೆಗೆಸಿಕೊಂಡಿದ್ದರು. ಇವರು ಊರಲ್ಲಿ ನಲವತ್ತು ವರ್ಷದಿಂದ ಎದುರು ಬಣದ ಮೇಲೆ ಕೇಸು ಹಾಕಿಕೊಂಡು ಬಂದವರು.

2024ರಲ್ಲಿ ಇದೇ ನಿಯಮ ಇನ್ನೊಂದು ದಿಕ್ಕಿನಿಂದ ಸಾಬೀತಾಯಿತು. ಈ ಸಲ ಜೆಡಿಎಸ್ ಮತ್ತು ಬಿಜೆಪಿ ಜೊತೆಯಾದವು. ಹಿಂದಿನ ವರ್ಷವಷ್ಟೇ ಕಾಂಗ್ರೆಸ್ ಜಿಲ್ಲೆಯ ಐದು ಕ್ಷೇತ್ರಗಳನ್ನೂ ಕೆ.ಆರ್. ನಗರವನ್ನೂ ಗೆದ್ದಿತ್ತು. ಎಂಟರಲ್ಲಿ ಆರು ಕಾಂಗ್ರೆಸ್ ಕೈಯಲ್ಲಿದ್ದರೂ ಜೆಡಿಎಸ್‌ನ ಎಚ್.ಡಿ. ಕುಮಾರಸ್ವಾಮಿ 2.84 ಲಕ್ಷದಷ್ಟು ಅಂತರದಿಂದ ಗೆದ್ದರು. 2019ರಲ್ಲಿ ಕೂಡದ ಮತ ಈಗ ಹೇಗೆ ಕೂಡಿತು? ಮಂಡ್ಯದ ಹಳ್ಳಿಗಳಲ್ಲಿ ಬಿಜೆಪಿಗೆ ಸ್ವಂತದ ಹಳೇ ಬಣ ಇರಲಿಲ್ಲ. ಹಾಗಾಗಿ ದಳದವರಿಗೆ ಅವರ ಜೊತೆ ಹಳೆಯ ಜಗಳವೂ ಇರಲಿಲ್ಲ. ನರೇಂದ್ರ ಮೋದಿಗೆ ಎಂದು ಹಾಕುವ ಹುಡುಗರೂ ದೇವೇಗೌಡರ ಕುಟುಂಬಕ್ಕೆ ಎಂದು ಹಾಕುವ ಅವರಪ್ಪಂದಿರೂ ಒಂದೇ ಗುಂಡಿ ಒತ್ತಿದರು. ಮೈತ್ರಿಯಲ್ಲಿ ಮತ ವರ್ಗಾವಣೆ ಆಗುತ್ತದೋ ಇಲ್ಲವೋ ಎಂದು ತಿಳಿಯಲು ದೆಹಲಿಯ ಸೀಟು ಹಂಚಿಕೆ ಮಾತುಕತೆಗಿಂತ ಡೈರಿ ಚುನಾವಣೆಯಲ್ಲಿ ಯಾರು ಯಾರ ವಿರುದ್ಧ ನಿಂತಿದ್ದರು ಎಂದು ನೋಡುವುದು ಒಳ್ಳೆಯದು.

ಇದರಲ್ಲಿ ಇನ್ನೊಂದು ಎಳೆ ಸೇರಿಕೊಂಡಿದೆ. ಕರ್ನಾಟಕದ ಮತದಾರ ವಿಧಾನಸಭೆಗೂ ಲೋಕಸಭೆಗೂ ಬೇರೆ ಬೇರೆ ಉತ್ತರ ಕೊಡುವುದು ಇಂದು ನಿನ್ನೆಯದಲ್ಲ. 1984ರ ಡಿಸೆಂಬರ್‌ನಲ್ಲಿ ಇಂದಿರಾ ಹತ್ಯೆಯ ನಂತರದ ಚುನಾವಣೆಯಲ್ಲಿ ರಾಜ್ಯದ 28 ಸೀಟುಗಳಲ್ಲಿ 24 ಕಾಂಗ್ರೆಸ್‌ಗೆ ಹೋದವು. ಜನರ ವಿಶ್ವಾಸ ಹೋಯಿತೆಂದು ರಾಮಕೃಷ್ಣ ಹೆಗಡೆ ರಾಜೀನಾಮೆ ಕೊಟ್ಟು ಮತ್ತೆ ಚುನಾವಣೆಗೆ ಹೋದರು. ಮೂರೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ಅದೇ ಜನ ಜನತಾ ಪಕ್ಷಕ್ಕೆ 224ರಲ್ಲಿ 139 ಸೀಟು ಕೊಟ್ಟರು. 2013ರಲ್ಲಿ ಕಾಂಗ್ರೆಸ್‌ಗೆ 122 ಸೀಟು ಕೊಟ್ಟವರು ಮರುವರ್ಷ ಬಿಜೆಪಿಯ 17 ಸಂಸದರನ್ನು ಆರಿಸಿದರು. 2023ರಲ್ಲಿ ಕಾಂಗ್ರೆಸ್‌ಗೆ 135, 2024ರಲ್ಲಿ ಬಿಜೆಪಿಗೆ ಮತ್ತೆ 17, ಜೆಡಿಎಸ್‌ಗೆ 2. ಶಾಸಕರು ನಮ್ಮ ಫೋನ್ ಎತ್ತಬೇಕಾದವರು, ಸಂಸದರು ದೆಹಲಿಯಲ್ಲಿ ಇರುವವರು. ಎರಡಕ್ಕೂ ಒಂದೇ ಅಳತೆ ಯಾಕೆ ಹಿಡಿಯಬೇಕು ಎಂಬುದು ಪೇಟೆಯವರ ವಾದ. ನನಗೂ ಸರಿ ಅನ್ನಿಸುತ್ತದೆ.

ಉಪಚುನಾವಣೆಯ ಅಳತೆ ಮತ್ತೂ ಬೇರೆ. ಆಡಳಿತ ಪಕ್ಷದವರನ್ನು ಗೆಲ್ಲಿಸಿಕೊಂಡರೆ ಊರಿಗೆ ಏನಾದರೂ ಬಂದೀತು ಎಂಬ ಲೆಕ್ಕಾಚಾರ ಮುಂದೆ ಬರುತ್ತದೆ. 2019ರ ಡಿಸೆಂಬರ್‌ನಲ್ಲಿ ನಡೆದ 15 ಉಪಚುನಾವಣೆಗಳಲ್ಲಿ 12 ಆಡಳಿತದಲ್ಲಿದ್ದ ಬಿಜೆಪಿಗೆ ಹೋದವು. ಕೆ.ಆರ್. ಪೇಟೆಯಲ್ಲಿ ಅದರ ಮೇಲೆ ಇನ್ನೊಂದು ಎಳೆತವಿತ್ತು. ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಹುಟ್ಟಿದ್ದು ಇದೇ ತಾಲ್ಲೂಕಿನ ಬೂಕನಕೆರೆಯಲ್ಲಿ. ಶಿಕಾರಿಪುರದ ಶಾಸಕರಾಗಿದ್ದ ಅವರು ಹುಟ್ಟೂರಿನ ಋಣದ ಮಾತಾಡಿದರು, ಮಗ ವಿಜಯೇಂದ್ರ ಇಲ್ಲೇ ಬೀಡುಬಿಟ್ಟರು. ಗೆದ್ದ ನಾರಾಯಣಗೌಡರು ಮಂತ್ರಿಯೂ ಆದರು. ಮರುವರ್ಷ ಶಿರಾದಲ್ಲೂ ಹೀಗೇ ಬಿಜೆಪಿ ಮೊದಲ ಸಲ ಗೆದ್ದಿತು. 2023ರಲ್ಲಿ ಎರಡೂ ಊರು ಅದರ ಕೈತಪ್ಪಿದವು. 66 ಸಾವಿರಕ್ಕೂ 38 ಸಾವಿರಕ್ಕೂ ನಡುವಿನ ಆ 28 ಸಾವಿರ ಓಟು ಬಹುಪಾಲು ಅಧಿಕಾರದ ಓಟು ಎಂದು ನಾನು ಓದುತ್ತೇನೆ. ಉಳಿದ 38 ಸಾವಿರವೂ ಕಡಿಮೆಯೇನಲ್ಲ, 2018ರ ಹತ್ತು ಸಾವಿರಕ್ಕೆ ಹೋಲಿಸಿದರೆ. ಪಕ್ಷ ನೆಲದಲ್ಲಿ ಏನೂ ಬಿಡದೆ ಹೋಗಿದೆ ಅನ್ನುವಂತಿಲ್ಲ.

ನೀರಿನ ಬಗ್ಗೆ ಹೇಳದಿದ್ದರೆ ಈ ಸೀಮೆಯ ಅರ್ಧ ರಾಜಕೀಯ ಬಿಟ್ಟಂತೆ. ಕೆ.ಆರ್.ಎಸ್. ಕಟ್ಟಿ, ವಿಶ್ವೇಶ್ವರಯ್ಯ ನಾಲೆ ಹರಿದು, 1930ರ ದಶಕದಲ್ಲಿ ಸಕ್ಕರೆ ಕಾರ್ಖಾನೆ ಬಂದ ಮೇಲೆ ಮಂಡ್ಯ ಮಂಡ್ಯವಾಯಿತು. 1950ರ ದಶಕದಲ್ಲಿ ಸ್ಕಾರ್ಲೆಟ್ ಎಪ್‌ಸ್ಟೀನ್ ಎಂಬ ಮಾನವಶಾಸ್ತ್ರಜ್ಞೆ ಇಲ್ಲಿನ ಎರಡು ಹಳ್ಳಿಗಳಲ್ಲಿ ಉಳಿದು ಅಧ್ಯಯನ ಮಾಡಿದರು. ಒಂದು ನಾಲೆ ನೀರು ಕಂಡ ಊರು, ಇನ್ನೊಂದು ನೀರು ಹತ್ತದ ಊರು. ನೀರು ಬಂದ ಊರಲ್ಲಿ ಹಣ ಬಂದರೂ ಹಳೆಯ ಸಂಬಂಧಗಳು, ಒಡೆಯ–ಆಳು ನಡವಳಿಕೆ ಹಾಗೇ ಉಳಿದವು. ನೀರಿಲ್ಲದ ಊರಿನವರು ಗಾಡಿ, ಅಂಗಡಿ, ಮಂಡ್ಯದ ಕೆಲಸ ಹಿಡಿದು ಹೊರಗೆ ಹೊರಟರು, ಬದಲಾದದ್ದು ಅವರ ಊರು. ಕೆ.ಆರ್. ಪೇಟೆಯಲ್ಲಿ ಹೇಮಾವತಿ ನಾಲೆ ಮುಟ್ಟಿದ ಊರುಗಳೂ ಇವೆ, ಮಳೆ ನಂಬಿದ ಊರುಗಳೂ ಇವೆ. ಇಲ್ಲಿಂದ ಮುಂಬೈಗೆ ಹೋಗಿ ದುಡಿಯುವವರು ಬಹಳ. 2020ರ ಮೇನಲ್ಲಿ ಮುಂಬೈನಿಂದ ಊರಿಗೆ ಮರಳಿದವರಿಂದಾಗಿ ಈ ತಾಲ್ಲೂಕು ಕೋವಿಡ್ ಸುದ್ದಿಯಲ್ಲಿ ಬಂದದ್ದು ನೆನಪಿರಬಹುದು. ನಾರಾಯಣಗೌಡರೂ ಮುಂಬೈನಲ್ಲಿ ವ್ಯವಹಾರ ಮಾಡಿ ಬಂದವರೇ. ಅಲ್ಲಿ ಸಂಪಾದಿಸಿ ಬಂದವರು ಇಲ್ಲಿನ ಹಳೇ ಬಣಗಳನ್ನು ದಾಟಿ ನೇರವಾಗಿ ಜನರ ನಡುವೆ ನಿಲ್ಲಬಲ್ಲರು ಎಂಬುದನ್ನು ಪೇಟೆ ತೋರಿಸಿಕೊಟ್ಟಿತು.

ಪಕ್ಕದ ಪಾಂಡವಪುರದ್ದು ಇನ್ನೊಂದು ಬಗೆ. ಅಲ್ಲಿ ಎರಡು ಬಣದ ನಡುವೆ ಮೂರನೆಯದಾಗಿ ರೈತ ಸಂಘ ಬೇರು ಬಿಟ್ಟಿದೆ. ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಅಲ್ಲಿಂದ ಗೆದ್ದರು, ಕ್ಷೇತ್ರಕ್ಕೆ ಮೇಲುಕೋಟೆ ಎಂದು ಹೆಸರು ಬದಲಾದ ಮೇಲೆ 2013ರಲ್ಲೂ ಗೆದ್ದರು. 2018ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡರು. ಅಮೆರಿಕದಿಂದ ಬಂದ ಮಗ ದರ್ಶನ್ ಮೂರೇ ತಿಂಗಳಿಗೆ ಕಣಕ್ಕಿಳಿದರು, ಕಾಂಗ್ರೆಸ್ ಅಭ್ಯರ್ಥಿಯನ್ನೇ ಹಾಕಲಿಲ್ಲ. ಅನುಕಂಪ ಇತ್ತು, ಮೈದಾನ ಖಾಲಿ ಇತ್ತು, ಆದರೂ ಜೆಡಿಎಸ್‌ನ ಸಿ.ಎಸ್. ಪುಟ್ಟರಾಜು ಗೆದ್ದರು. ಆ ಸಲ ಜಿಲ್ಲೆಗೆ ಕುಮಾರಸ್ವಾಮಿ ಮುಖ್ಯಮಂತ್ರಿಯಾಗುತ್ತಾರೆ ಎಂಬುದೇ ದೊಡ್ಡದಾಗಿತ್ತು. 2023ರಲ್ಲಿ ಅದೇ ದರ್ಶನ್ ಗೆದ್ದರು. ಆಗ ಒಕ್ಕಲಿಗ ಮುಖ್ಯಮಂತ್ರಿಯ ಆಸೆಗೆ ಡಿ.ಕೆ. ಶಿವಕುಮಾರ್ ಎಂಬ ಇನ್ನೊಂದು ಹೆಸರೂ ಸಿಕ್ಕಿತ್ತು. ಮುಖ್ಯಮಂತ್ರಿ ಕುರ್ಚಿಯ ಈ ಸೆಳೆತ ಬಂದಾಗ ಊರಿನ ಬಣಗಳ ಲೆಕ್ಕವೂ ಸ್ವಲ್ಪ ಸಡಿಲವಾಗುತ್ತದೆ.

ದುಡ್ಡಿನ ವಿಷಯ ಬೇಗ ಮುಗಿಸಬಹುದು. ಎಲ್ಲರೂ ಹಂಚುತ್ತಾರೆ, ಎಲ್ಲರೂ ತೆಗೆದುಕೊಳ್ಳುತ್ತಾರೆ, ಆದ್ದರಿಂದ ಅದು ಯಾರನ್ನೂ ಗೆಲ್ಲಿಸುವುದಿಲ್ಲ, ಹಂಚದವರನ್ನು ಸೋಲಿಸಬಹುದಷ್ಟೇ. ಸರ್ಕಾರಿ ಯೋಜನೆಗಳ ಬಗ್ಗೆಯೂ ಜನ ಬೇಗ ತೀರ್ಮಾನಕ್ಕೆ ಬರುತ್ತಾರೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ಸು ಉಚಿತವಾಯಿತು, ಆಮೇಲೆ ತಿಂಗಳಿಗೆ 2,000 ರೂಪಾಯಿ ಗೃಹಲಕ್ಷ್ಮಿ ಹಣ ಬರತೊಡಗಿತು. ಹತ್ತೇ ತಿಂಗಳ ಮೇಲೆ ಮಂಡ್ಯ ಲೋಕಸಭೆಯಲ್ಲಿ ಕಾಂಗ್ರೆಸ್ ಹೀನಾಯವಾಗಿ ಸೋತಿತು. ಯೋಜನೆ ಬೇಡವಾಗಿತ್ತು ಅಂತಲ್ಲ. ಕೊಟ್ಟದ್ದು ರಾಜ್ಯ ಸರ್ಕಾರ, ಚುನಾವಣೆ ದೆಹಲಿಯದ್ದು. ಮೇಲಾಗಿ ಆ ವರ್ಷ ಬರ, ಕೆ.ಆರ್.ಎಸ್. ತುಂಬಲಿಲ್ಲ, ಸೆಪ್ಟೆಂಬರ್‌ನಲ್ಲಿ ತಮಿಳುನಾಡಿಗೆ ನೀರು ಬಿಟ್ಟದ್ದಕ್ಕೆ ಮಂಡ್ಯದಲ್ಲಿ ದಿನಗಟ್ಟಲೆ ಧರಣಿ ನಡೆದಿತ್ತು.

ನಿಮ್ಮೂರಿನ ಒಲವು ತಿಳಿಯಬೇಕೆಂದರೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ನಮೂನೆ 20 ಸಿಗುತ್ತದೆ. ಒಂದೇ ಮತಗಟ್ಟೆಯ 2018, 2019, 2023, 2024ರ ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಮತಗಟ್ಟೆ ಸಂಖ್ಯೆ ಚುನಾವಣೆಯಿಂದ ಚುನಾವಣೆಗೆ ಬದಲಾಗುವುದುಂಟು, ಆದ್ದರಿಂದ ಸಂಖ್ಯೆಯನ್ನು ನಂಬದೆ ಶಾಲೆಯ ಹೆಸರು ಹಿಡಿದು ಹುಡುಕಬೇಕು. ಪಕ್ಷಗಳ ಅಂಕಣ ಬಿಟ್ಟು ಮೊದಲ ಎರಡು ಸ್ಥಾನಗಳ ನಡುವಿನ ಅನುಪಾತ ಗಮನಿಸಿ. ಹೆಸರುಗಳು ಬದಲಾದರೂ ಊರು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಒಡೆದಿರುವ ಮತಗಟ್ಟೆಗಳು ಸಿಗುತ್ತವೆ, ಅಲ್ಲಿ ಬಣಗಳು ಗಟ್ಟಿಯಾಗಿವೆ ಎಂದರ್ಥ. ಪ್ರತಿ ಸಲ ಚೆಲ್ಲಾಪಿಲ್ಲಿಯಾಗುವ ಮತಗಟ್ಟೆಗಳು ಬಹುತೇಕ ಪೇಟೆಯೊಳಗೆ ಅಥವಾ ಹೆದ್ದಾರಿ ಬದಿಯ ಊರುಗಳಲ್ಲಿ ಇರಬಹುದು ಎಂಬುದು ನನ್ನ ಊಹೆ.

ಈ ಓದಿನಲ್ಲಿ ಒಂದು ಕೊರತೆ ಇದೆ. ವಿಧಾನಸಭೆಗೂ ಹಳ್ಳಿಗೂ ನಡುವೆ ಪಕ್ಷದ ಚಿಹ್ನೆಯ ಮೇಲೆ ನಡೆಯುವ ಜಿಲ್ಲಾ, ತಾಲ್ಲೂಕು ಪಂಚಾಯಿತಿ ಚುನಾವಣೆಯೇ ಬಣಗಳ ಬಲಾಬಲ ಪರೀಕ್ಷೆ. ಹೊಸ ನಾಯಕರು ತಯಾರಾಗುತ್ತಿದ್ದದ್ದೂ ಅಲ್ಲೇ. ಕೊನೆಯದಾಗಿ 2016ರಲ್ಲಿ ಆರಿಸಿಬಂದ ಸದಸ್ಯರ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ಮೊಕದ್ದಮೆಗಳ ನಡುವೆ ಮತ್ತೆ ಚುನಾವಣೆ ವರ್ಷಗಟ್ಟಲೆ ನಡೆಯಲೇ ಇಲ್ಲ. ಟಿಕೆಟ್ ಆಕಾಂಕ್ಷಿಗಳು ತಮ್ಮ ಬಲ ತೋರಿಸಲು ಈಗ ಹಾಲು ಒಕ್ಕೂಟ, ಪಿಎಲ್‌ಡಿ ಬ್ಯಾಂಕ್ (ರೈತರಿಗೆ ಸಾಲ ಕೊಡುವ ಸಹಕಾರಿ ಭೂ ಅಭಿವೃದ್ಧಿ ಬ್ಯಾಂಕ್), ಸೊಸೈಟಿ ಚುನಾವಣೆಗಳಿಗೆ ನಿಲ್ಲುತ್ತಿದ್ದಾರೆ. ಆ ಚುನಾವಣೆಗಳಲ್ಲಿ ಓಟಿರುವುದು ಷೇರುದಾರರಿಗೆ, ಸದಸ್ಯರಿಗೆ ಮಾತ್ರ. ಜಮೀನಿಲ್ಲದವರು, ಹಸು ಕಟ್ಟದವರು ಆ ಲೆಕ್ಕದಲ್ಲಿ ಬರುವುದಿಲ್ಲ.